ಜಾಲಹಳ್ಳಿಯ ಹಳೆಯ ಪುಸ್ತಕದಂಗಡಿ ಮತ್ತು ಮಲಯಾಳಂನ ಕೊಚ್ಚುಪುಸ್ತಕಗಳು

ಜಾಲಹಳ್ಳಿಯ ಅಯ್ಯಪ್ಪ ದೇವಸ್ಥಾನದಿಂದ ನಡೆದುಹೋಗುವಷ್ಟು ದೂರದಲ್ಲಿ, ಹಿಟ್ಟಿನ ಗಿರಣಿಯೊಂದರ ಪಕ್ಕದಲ್ಲಿ, ಹೆಸರಿನ ಫಲಕವೇ ಇಲ್ಲದ ಒಂದು ಹಳೆಯ ಪುಸ್ತಕದಂಗಡಿಯಿದೆ. 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಸ್ಥಾಪನೆಯಾದ ಮೇಲೆ ಕೇರಳದಿಂದ ಬಂದು ಈ ಭಾಗದಲ್ಲಿ ನೆಲೆಸಿದ ಕುಟುಂಬಗಳು ಓದಿ ಮುಗಿಸಿದ ವಾರಪತ್ರಿಕೆಗಳು ಮತ್ತು ಕಾದಂಬರಿಗಳೇ ಈ ಅಂಗಡಿಯ ಮೂಲ ಬಂಡವಾಳ. ಹಳೆಯ ಪುಸ್ತಕ ಬೇಕೆಂದರೆ ಬೆಂಗಳೂರಿನಲ್ಲಿ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್ ಇದ್ದೇ ಇವೆ. ಆದರೆ ಮಲಯಾಳಂನ ಜನಪ್ರಿಯ ಸಾಹಿತ್ಯವನ್ನು, ಅದರಲ್ಲೂ ಶೃಂಗಾರದ ಅಗ್ಗದ ಪುಸ್ತಕಗಳನ್ನು, ಇಷ್ಟು ಶ್ರದ್ಧೆಯಿಂದ ವಿಂಗಡಿಸಿಟ್ಟ ಇನ್ನೊಂದು ಅಂಗಡಿಯನ್ನು ನಾನು ಈ ಊರಿನಲ್ಲಿ ಕಂಡಿಲ್ಲ. ನೆರೆಮನೆಯವರಿಂದ ಮಲಯಾಳಂ ಓದಲು ಕಲಿತ ನಾನು ಆರು ವರ್ಷಗಳಿಂದ ಇಲ್ಲಿಗೆ ಹೋಗುತ್ತಿದ್ದೇನೆ.

ಮೊದಲು ಮೆಚ್ಚಬೇಕಾದದ್ದು ಆ ವಿಂಗಡಣೆಯನ್ನೇ. ಹೊರಗಿನವರು ಒಂದೇ ರಾಶಿಗೆ ಹಾಕುವ ಎರಡು ಬಗೆಯ ಪುಸ್ತಕಗಳನ್ನು ಅಂಗಡಿಯ ಹಿರಿಯರು ಬೇರೆಬೇರೆ ಇಟ್ಟಿದ್ದಾರೆ. ಬಾಗಿಲ ಬಳಿಯ ತೆರೆದ ಕಪಾಟಿನಲ್ಲಿರುವುದು 'ಪೈಂಕಿಳಿ' ಕಾದಂಬರಿಗಳು. ಮುಟ್ಟತ್ತು ವರ್ಕಿಯವರ 'ಪಾಡಾತ್ತ ಪೈಂಕಿಳಿ', ಅಂದರೆ ಹಾಡದ ಗಿಳಿ, 1955ರಲ್ಲಿ ಬಂದ ಮೇಲೆ ಆ ಹೆಸರೇ ಒಂದು ಇಡೀ ಪ್ರಕಾರಕ್ಕೆ ಅಂಟಿಕೊಂಡಿತು. ಬಡ ಹುಡುಗಿ, ಅಡ್ಡಬರುವ ಮನೆತನ, ಕಣ್ಣೀರು, ಕೊನೆಗೊಂದು ಮದುವೆ ಇಲ್ಲವೇ ಸಾವು. ಇವುಗಳಲ್ಲಿ ಪ್ರೇಮವುಂಟು, ಬಯಕೆಯ ಸುಳಿವೂ ಉಂಟು, ಆದರೆ ಮನೆಮಂದಿಯೆಲ್ಲ ಓದಬಹುದಾದ ಎಚ್ಚರವನ್ನು ಲೇಖಕ ಬಿಡುವುದಿಲ್ಲ. ಒಳಗಿನ ಬೀಗ ಹಾಕಿದ ಬೀರುವಿನಲ್ಲಿರುವುದು 'ಕೊಚ್ಚುಪುಸ್ತಕ'ಗಳು. ಆ ಪದದ ನೇರ ಅರ್ಥ 'ಚಿಕ್ಕ ಪುಸ್ತಕ' ಎಂದಷ್ಟೇ. ನಮ್ಮಲ್ಲಿ ಪೋಲಿ ಪುಸ್ತಕ ಎನ್ನುವುದನ್ನು ಅಲ್ಲಿ ಅದರ ಅಳತೆಯಿಂದ ಕರೆದರು, ಏಕೆಂದರೆ ಅಂಗಿಯ ಜೇಬಿನಲ್ಲೋ ಪಠ್ಯಪುಸ್ತಕದ ನಡುವೆಯೋ ಅಡಗಿಸಿಡಬಹುದಾದ ಗಾತ್ರವೇ ಅದರ ಗುಣ. ಅದರೊಳಗಿನ ಕಥೆಗೆ 'ಕಂಬಿಕಥೆ' ಎಂಬ ಹೆಸರೂ ಇದೆ. ಕಂಬಿ ಎಂದರೆ ನಮ್ಮಲ್ಲಿರುವಂತೆ ಅಲ್ಲಿಯೂ ಲೋಹದ ಸರಳು. ಬೀದಿಮಾತಿನಲ್ಲಿ ಅದು ಯಾವ ಅರ್ಥ ಪಡೆಯಿತೆಂಬುದನ್ನು ವಿವರಿಸಬೇಕಾಗಿಲ್ಲ.

ಈ ಎರಡರ ನಡುವಿನ ಗಡಿ ಎಲ್ಲ ಕಾಲದಲ್ಲೂ ಸ್ಪಷ್ಟವಾಗಿರಲಿಲ್ಲ ಎಂಬುದನ್ನು ಮಧ್ಯದ ಒಂದು ಸಾಲು ತೋರಿಸಿಕೊಡುತ್ತದೆ. ಅಲ್ಲಿರುವವು ಪಮ್ಮನ್ ಅವರ ಕಾದಂಬರಿಗಳು. ವಾಚಕರು ಅವರನ್ನು ಮುಗಿಬಿದ್ದು ಓದಿದರು, ವಿಮರ್ಶಕರು ಅಶ್ಲೀಲವೆಂದು ದೂರಿದರು. ಅವರ 'ಚಟ್ಟಕ್ಕಾರಿ' 1974ರಲ್ಲಿ ಕೆ.ಎಸ್. ಸೇತುಮಾಧವನ್ ನಿರ್ದೇಶನದಲ್ಲಿ ಚಿತ್ರವಾಗಿ, ಮರುವರ್ಷ ಹಿಂದಿಯಲ್ಲಿ 'ಜೂಲಿ' ಆಯಿತು; ಎರಡರಲ್ಲೂ ನಾಯಕಿ ನಮ್ಮ ಪ್ರೇಕ್ಷಕರಿಗೂ ಚಿರಪರಿಚಿತರಾದ ಲಕ್ಷ್ಮಿ. ಪಮ್ಮನ್ ಅವರನ್ನು ಪೈಂಕಿಳಿಯ ಕಪಾಟಿಗೂ ಸೇರಿಸದೆ, ಬೀಗದ ಬೀರುವಿಗೂ ತಳ್ಳದೆ ನಡುವೆ ಇಟ್ಟಿರುವುದು ನನ್ನ ದೃಷ್ಟಿಯಲ್ಲಿ ಒಂದು ಸಾಹಿತ್ಯಕ ತೀರ್ಮಾನ, ಮತ್ತು ಅದು ಸರಿಯಾದ ತೀರ್ಮಾನ.

ಕೊಚ್ಚುಪುಸ್ತಕಗಳ ಚರಿತ್ರೆ ಬರೆಯಲು ಹೊರಟವರಿಗೆ ಎದುರಾಗುವ ಮೊದಲ ತೊಡಕು ಕಾಲನಿರ್ಣಯ. ಮುದ್ರಣಾಲಯದ ವಿಳಾಸವಿಲ್ಲ, ವರ್ಷವಿಲ್ಲ, ಲೇಖಕರ ಹೆಸರು ಇದ್ದರೂ ಅದು ಕಲ್ಪಿತ, ಹಲವು ಸಲ ಹೆಂಗಸಿನದು. ಈ ಅಂಗಡಿಯಲ್ಲಿ ನಾನು ಕಲಿತ ಅತ್ಯಂತ ಬೆಲೆಬಾಳುವ ಪಾಠ ಇದಕ್ಕೆ ಸಂಬಂಧಿಸಿದ್ದು. ಒಂದು ದಿನ ಹಿರಿಯರು ಎರಡು ಹೊತ್ತಿಗೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ತೆರೆದಿಟ್ಟು, ಪೆನ್ಸಿಲ್ ತುದಿಯಿಂದ ಒಂದೇ ಪದವನ್ನು ಎರಡರಲ್ಲೂ ತೋರಿಸಿದರು. "ಉಕಾರ ನೋಡಿ ಸಾರ್. ಇಲ್ಲಿ ಅಕ್ಷರಕ್ಕೇ ಅಂಟಿಕೊಂಡಿದೆ, ಇಲ್ಲಿ ಬಿಟ್ಟು ಪಕ್ಕದಲ್ಲಿ ನಿಂತಿದೆ. ಇದು ಎಪ್ಪತ್ತೊಂದರ ಹಿಂದಿನದಾಗಿರಲಾರದು," ಎಂದರು. ಬೆರಳಚ್ಚು ಯಂತ್ರಕ್ಕೆ ಒಗ್ಗಲೆಂದು ಕೇರಳ ಸರ್ಕಾರ 1971ರಲ್ಲಿ ಲಿಪಿಯನ್ನು ಸರಳಗೊಳಿಸಿದಾಗ, ಪ್ರತಿ ವ್ಯಂಜನದೊಡನೆ ಬೇರೆಬೇರೆ ರೂಪದಲ್ಲಿ ಬೆಸೆದುಕೊಳ್ಳುತ್ತಿದ್ದ ಉಕಾರವು ಪ್ರತ್ಯೇಕ ಚಿಹ್ನೆಯಾಯಿತು. ಹಳೆಯ ಅಚ್ಚುಮೊಳೆಗಳನ್ನು ಇಟ್ಟುಕೊಂಡಿದ್ದ ಸಣ್ಣ ಮುದ್ರಣಾಲಯಗಳು ಆಮೇಲೂ ಹಳೆಯ ಲಿಪಿಯಲ್ಲೇ ಅಚ್ಚು ಹಾಕಿರಬಹುದಾದ್ದರಿಂದ ಹಳೆಯ ಲಿಪಿ ಹಳೆಯ ಪುಸ್ತಕವೆಂಬುದಕ್ಕೆ ಸಾಕ್ಷಿಯಲ್ಲ. ಆದರೆ ಹೊಸ ಲಿಪಿ ಮಾತ್ರ ಸುಳ್ಳು ಹೇಳುವುದಿಲ್ಲ.

ಇಂಥ ಬರಹ ಕೇರಳಕ್ಕೆ ಹೊರಗಿನಿಂದ ಬಂದ ಕೇಡು ಎಂದು ವಾದಿಸುವವರು ಮಲಯಾಳಂ ಮತ್ತು ಸಂಸ್ಕೃತವನ್ನು ಬೆರೆಸಿ ಬರೆಯುತ್ತಿದ್ದ ಮಣಿಪ್ರವಾಳದ ಕಾಲದ 'ವೈಶಿಕತಂತ್ರ'ವನ್ನು ಮರೆಯುತ್ತಾರೆ. ವೇಶ್ಯೆಯಾದ ತಾಯಿ ತನ್ನ ಮಗಳಿಗೆ ವೃತ್ತಿಯ ಗುಟ್ಟುಗಳನ್ನು ಹೇಳಿಕೊಡುವ ಕಾವ್ಯ ಅದು. ಹತ್ತೊಂಬತ್ತನೆಯ ಶತಮಾನದ ವೆಣ್ಮಣಿ ನಂಬೂದಿರಿಗಳು ತಿಳಿಯಾದ ಮಲಯಾಳಂನಲ್ಲಿ ಶೃಂಗಾರ ಪದ್ಯಗಳನ್ನು ಕಟ್ಟಿದರು. ಕಾಮಶಾಸ್ತ್ರದ ಕೃತಿಗಳಾದ ನಮ್ಮ ಚಂದ್ರರಾಜನ 'ಮದನತಿಲಕ', ಕಲ್ಲರಸನ 'ಜನವಶ್ಯ'ಗಳನ್ನು ಬಲ್ಲ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಬದಲಾದದ್ದು ವಸ್ತುವಲ್ಲ, ಓದುಗ. ಪಿ.ಎನ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ 1945ರಲ್ಲಿ ಆರಂಭವಾದ ಗ್ರಂಥಶಾಲಾ ಚಳವಳಿ ಹಳ್ಳಿಹಳ್ಳಿಗೆ ವಾಚನಾಲಯ ಕೊಟ್ಟಿತು. ಅಕ್ಷರ ಕಲಿತ ಕೂಲಿಯವನೂ ಮನೆಗೆಲಸದವಳೂ ತಮ್ಮ ಕಾಸಿಗೆ ನಿಲುಕುವ ಓದನ್ನು ಹುಡುಕಿದರು. ಕೋಟ್ಟಯಂನ ವಾರಪತ್ರಿಕೆಗಳು ಅದನ್ನು ಒದಗಿಸಿದವು. ಮನೋರಮಾ, 1967ರ ಮನೋರಾಜ್ಯಂ, 1969ರ ಮಂಗಳಂ ಎಲ್ಲವೂ 'ಮ'ಕಾರದಿಂದ ಶುರುವಾಗುವುದರಿಂದ ಅವನ್ನು ಒಟ್ಟಾಗಿ 'ಮ ಪ್ರಸಿದ್ಧೀಕರಣಗಳು', ಅಂದರೆ ಮ ಪ್ರಕಟಣೆಗಳು, ಎಂದು ಕರೆದು ಖಂಡಿಸಿದವರೂ ಇದ್ದರು, ಆದರೆ 1980ರ ದಶಕದ ಮಧ್ಯದಲ್ಲಿ ಮಂಗಳಂ ಒಂದರ ಪ್ರಸಾರವೇ 15 ಲಕ್ಷ ಪ್ರತಿಗಳನ್ನು ದಾಟಿತ್ತು. ಇಷ್ಟು ಓದುಗರಿದ್ದ ಸಾಹಿತ್ಯವನ್ನು ಗ್ರಂಥಾಲಯಗಳು ಜೋಪಾನ ಮಾಡದೆ ಹೋದದ್ದು ನನಗೆ ನಿಜಕ್ಕೂ ನೋವಿನ ಸಂಗತಿ.

ಬೀಗದ ಬೀರು ತೆರೆಸಿಕೊಳ್ಳಲು ಕಾರಣ ಹೇಳಬೇಕು. ಕಾಲೇಜು ಹುಡುಗರಿಗೆ ಹಿರಿಯರು ಅದನ್ನು ತೆರೆಯುವುದೇ ಇಲ್ಲ. ಈ ಕಟ್ಟುನಿಟ್ಟನ್ನು ಅತಿಯೆಂದು ನಾನು ಭಾವಿಸುವುದಿಲ್ಲ. 'ಲೇಡಿ ಚಾಟರ್ಲೀಸ್ ಲವರ್' ಕಾದಂಬರಿಯ ಪ್ರತಿ ಮಾರಿದ್ದಕ್ಕೆ ಮುಂಬಯಿಯ ರಂಜಿತ್ ಉದೇಶಿ ಅವರ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1964ರಲ್ಲಿ ಎತ್ತಿಹಿಡಿದಾಗ ಕಟಕಟೆಯಲ್ಲಿದ್ದದ್ದು ಬರೆದವನಲ್ಲ, ಪುಸ್ತಕದಂಗಡಿಯವರು. 2014ರ ಅವೀಕ್ ಸರ್ಕಾರ್ ತೀರ್ಪು ಅಶ್ಲೀಲತೆಯನ್ನು ಇಂದಿನ ಸಮಾಜದ ಅಳತೆಗೋಲಿನಿಂದ ನೋಡಬೇಕೆಂದು ಹೇಳಿದ್ದರೂ, ಅಂಗಡಿಯವರ ಭಯ ಪೂರ್ತಿ ಹೋಗುವಂಥದ್ದಲ್ಲ.

ಕೊರತೆಗಳನ್ನೂ ಹೇಳಬೇಕು. ಪುಸ್ತಕಗಳ ಪಟ್ಟಿಯಿಲ್ಲ, ರಸೀದಿ ಕೊಡುವುದಿಲ್ಲ, ಒಳಕೋಣೆಯಲ್ಲಿ ಒಂದೇ ದೀಪವಿದೆ. ಮಳೆಗಾಲದಲ್ಲಿ ಕೆಳಸಾಲಿಗೆ ತೇವ ಹತ್ತುತ್ತದೆ. ಪಿನ್ನುಗಳು ತುಕ್ಕು ಹಿಡಿದು ನಡುವಿನ ಹಾಳೆಗಳು ಕೈಗೆ ಬರುತ್ತವೆ. ಪೈಂಕಿಳಿ ಕಾದಂಬರಿಗೆ 60ರಿಂದ 80 ರೂಪಾಯಿ ನ್ಯಾಯವಾದ ಬೆಲೆ. ಎಂಟು ಹಾಳೆ ಕಳೆದುಕೊಂಡ ಕೊಚ್ಚುಪುಸ್ತಕಕ್ಕೆ 250 ರೂಪಾಯಿ ಹೆಚ್ಚಾಯಿತು. ಆದರೆ ಹಾಳೆ ಕಳೆದಿರುವುದನ್ನು ಹಿಂಬದಿಯ ರಕ್ಷಾಪುಟದ ಒಳಗೆ ಪೆನ್ಸಿಲಿನಲ್ಲಿ ಬರೆದೇ ಮಾರುತ್ತಾರೆ. ಅಂತರ್ಜಾಲದಲ್ಲಿ ಮಾರುವವರೊಬ್ಬರಿಂದ 'ಮೂಲ ಪ್ರತಿ' ಎಂದು ದುಡ್ಡು ಕೊಟ್ಟು ತರಿಸಿ, ಲಕೋಟೆ ಒಡೆದಾಗ ಮಸುಕಾದ ಜೆರಾಕ್ಸ್ ಕಂಡ ನನಗೆ ಈ ಪ್ರಾಮಾಣಿಕತೆಯ ಬೆಲೆ ಗೊತ್ತಿದೆ.

ಕಳೆದ ತಿಂಗಳು ಕೊಂಡದ್ದು, ಯಾರೋ ವಾರವಾರವೂ ಪತ್ರಿಕೆಯಿಂದ ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ, ಗೋಣಿದಾರದಲ್ಲಿ ಹೊಲಿದು ಮಾಡಿಕೊಂಡ ಒಂದು ಸಂಪುಟ. ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಸಂಚಿಕೆಯ ಸಂಖ್ಯೆ, ಒಂದೆಡೆ ಎಣ್ಣೆಯ ಬೆರಳಚ್ಚು. ಕೊನೆಯ ಮೂರು ಕಂತುಗಳಿಲ್ಲ. ನಮ್ಮ 'ಪ್ರಜಾಮತ'ದ ಹಳೆಯ ಸಂಚಿಕೆಗಳೂ ಸಿಕ್ಕರೆ ಎತ್ತಿಡಿ ಎಂದು ಕೇಳಿದೆ. ಹಿರಿಯರು ಕಪ್ಪು ರಟ್ಟಿನ ಲೆಕ್ಕದ ಪುಸ್ತಕ ತೆಗೆದು, ಆ ಮೂರು ಕಂತುಗಳ ಸಂಖ್ಯೆಯನ್ನು ಮಲಯಾಳಂನಲ್ಲಿಯೂ 'ಪ್ರಜಾಮತ' ಎಂಬುದನ್ನು ಕನ್ನಡದಲ್ಲಿಯೂ ನನ್ನ ಹೆಸರಿನ ಕೆಳಗೆ ಬರೆದುಕೊಂಡರು.