ಚೈನು, ಶಾಫ್ಟು, ಬೆಲ್ಟು: ಲಕ್ಷ ಕಿಲೋಮೀಟರ್ ದಾಟಿದ ಟೂರಿಂಗ್ ಬೈಕಿಗೆ ಯಾವುದು ಹೊಂದುತ್ತದೆ

ಎಂಜಿನ್ನಿನ ಬಲವನ್ನು ಹಿಂಚಕ್ರಕ್ಕೆ ತಲುಪಿಸುವ ಮೂರು ಬಗೆಯ ಟೂರಿಂಗ್ ಬೈಕುಗಳನ್ನೂ ವರ್ಷಗಟ್ಟಲೆ ಇಟ್ಟುಕೊಂಡು ಓಡಿಸಿದ ಮೇಲೆ ನನ್ನ ಒಲವು ಚೈನಿನ ಕಡೆಗೇ ನಿಂತಿದೆ. ದೂರದ ಪ್ರಯಾಣಕ್ಕೆ, ಚೈನಿನ ಬದಲು ತಿರುಗುವ ಸರಳಿನಿಂದ ಬಲ ತಲುಪಿಸುವ ಶಾಫ್ಟ್ ಡ್ರೈವಿಗೆ ಸಮನಾದದ್ದಿಲ್ಲ ಎಂಬ ಮಾತು ಸವಾರರ ನಡುವೆ ಬಹಳ ಕಾಲದಿಂದ ಇದೆ, ಹೊಸ ಬೈಕಿನ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಆದರೆ ಗಾಡಿ ಹಳೆಯದಾಗುತ್ತ ಹೋದಂತೆ ಕೇಳಬೇಕಾದ ಪ್ರಶ್ನೆಯೇ ಬದಲಾಗುತ್ತದೆ. ಯಾವ ಭಾಗ ಕಡಿಮೆ ಆರೈಕೆ ಬೇಡುತ್ತದೆ ಎಂಬುದಕ್ಕಿಂತ ಯಾವ ಭಾಗದ ಸವೆತ ಕಣ್ಣಿಗೆ ಕಾಣುತ್ತದೆ, ಕಂಡಮೇಲೆ ಅದನ್ನು ನನ್ನ ಕೈಯಿಂದಲೇ ಸರಿಪಡಿಸಬಹುದೇ ಎಂಬುದು ಮುಖ್ಯವಾಗುತ್ತದೆ. ಎಂಜಿನ್ನಿನ ಗಾತ್ರ, ಆಸನದ ಎತ್ತರ, ಗಾಳಿಗಾಜಿನ ಅಗಲ ಮುಂತಾದ ವಿವರಗಳು ಎಲ್ಲ ಕಡೆ ಸಿಗುವುದರಿಂದ ಅವನ್ನು ಬಿಟ್ಟು ಈ ಒಂದು ವಿಷಯವನ್ನೇ ಬರೆಯುತ್ತಿದ್ದೇನೆ.

ಮೊದಲು ಶಾಫ್ಟಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಬಿಎಂಡಬ್ಲ್ಯು ತನ್ನ ಮೊದಲ ಮೋಟಾರ್ ಸೈಕಲ್ಲಾದ ಆರ್32ಕ್ಕೆ 1923ರಲ್ಲಿಯೇ ಶಾಫ್ಟ್ ಅಳವಡಿಸಿತ್ತು. 1970ರ ದಶಕದ ನಡುವೆ ಬಂದ ಹೋಂಡಾ ಗೋಲ್ಡ್ ವಿಂಗ್ ಇಂದಿಗೂ ಅದನ್ನೇ ಇಟ್ಟುಕೊಂಡಿದೆ. ಯಮಾಹಾ ಎಫ್‌ಜೆಆರ್1300 ಕೂಡ ಅದೇ ದಾರಿಯದು. ಶಾಫ್ಟ್ ಬೈಕನ್ನು ದಿನವಿಡೀ ಮಳೆಯಲ್ಲಿ ಓಡಿಸಿ ಸಂಜೆ ನಿಲ್ಲಿಸಿದರೆ ಮತ್ತೇನೂ ಮಾಡಬೇಕಾಗಿಲ್ಲ. ಎಣ್ಣೆ ಎರಚುವುದಿಲ್ಲ, ಬಿಗಿ ಸರಿಪಡಿಸುವ ಕೆಲಸವಿಲ್ಲ, ಹಿಂಚಕ್ರದ ರಿಮ್ಮು ಶುಭ್ರವಾಗಿರುತ್ತದೆ. ಮೇಲ್ನೋಟಕ್ಕೆ ನಿಯಮಿತ ಆರೈಕೆ ಎಂದರೆ ಫೈನಲ್ ಡ್ರೈವಿನ, ಅಂದರೆ ಹಿಂಚಕ್ರದ ಬಳಿಯ ಗೇರುಗಳ ಪೆಟ್ಟಿಗೆಯ, ಗೇರ್ ಆಯಿಲನ್ನು ಆಗಾಗ ಬದಲಿಸುವುದು ಮಾತ್ರ, ಅದೂ ಸುಮಾರು 200 ಮಿಲಿಲೀಟರಿನಷ್ಟು. ನಾನು ಕೊಂಡ ಶಾಫ್ಟ್ ಬೈಕು ಆಗಲೇ ಬಹಳ ಓಡಿತ್ತು. ಎಂಜಿನ್ನು ನಯವಾಗಿತ್ತು, ಸರ್ವಿಸ್ ಪುಸ್ತಕದಲ್ಲಿ ಈ ಆಯಿಲ್ ಬದಲಾವಣೆಗಳೆಲ್ಲ ತಾರೀಖಿನ ಸಮೇತ ನಮೂದಾಗಿದ್ದವು.

ತೊಂದರೆ ಇದ್ದದ್ದು ಸ್ಪ್ಲೈನಿನಲ್ಲಿ. ಶಾಫ್ಟಿನ ತುದಿಯಲ್ಲಿರುವ ಬೆವೆಲ್ ಗೇರುಗಳು ತಿರುಗುವಿಕೆಯ ದಿಕ್ಕನ್ನು ತೊಂಬತ್ತು ಡಿಗ್ರಿ ತಿರುಗಿಸಿ ಚಕ್ರಕ್ಕೆ ಕೊಡುತ್ತವೆ. ಆ ಗೇರಿಗೂ ಚಕ್ರದ ನಡುಭಾಗವಾದ ಹಬ್ಬಿಗೂ ಇರುವ ಕೊಂಡಿ, ಬಹಳಷ್ಟು ಮಾದರಿಗಳಲ್ಲಿ, ಒಂದರೊಳಗೊಂದು ಕೂರುವ ಹಲ್ಲುಗಳ ಒಂದು ಜೋಡಿ, ಅದೇ ಸ್ಪ್ಲೈನು. ಇದು ಆಯಿಲಿನಲ್ಲಿ ಮುಳುಗಿರುವ ಭಾಗವಲ್ಲವಾದ್ದರಿಂದ ಫೈನಲ್ ಡ್ರೈವಿನ ಆಯಿಲನ್ನು ಎಷ್ಟು ನಿಷ್ಠೆಯಿಂದ ಬದಲಿಸಿದರೂ ಈ ಹಲ್ಲುಗಳಿಗೆ ಒಂದು ಹನಿಯೂ ತಲುಪುವುದಿಲ್ಲ. ಇವಕ್ಕೆ ಬೇಕಾದದ್ದು ಮಾಲಿಬ್ಡಿನಮ್ ಡೈಸಲ್ಫೈಡ್ ಹೇರಳವಾಗಿ, ಶೇಕಡಾ 60ರ ಆಸುಪಾಸಿನಲ್ಲಿ, ಬೆರೆತಿರುವ ಪೇಸ್ಟು. ಅದನ್ನು ಹಿಂದಿನ ಟೈರು ಬದಲಿಸಲು ಚಕ್ರ ಬಿಚ್ಚಿದಾಗಲೆಲ್ಲ ಹಳೆಯದನ್ನು ಒರೆಸಿ ಹೊಸದಾಗಿ ಹಚ್ಚಬೇಕು. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸು ಇಲ್ಲಿ ನಿಲ್ಲುವುದಿಲ್ಲ. ಹಲ್ಲುಗಳ ನಡುವಿನ ಒತ್ತಡಕ್ಕೆ ಹಿಂಡಿಹೋಗುತ್ತದೆ, ತಿರುಗುವ ರಭಸಕ್ಕೆ ಹೊರಕ್ಕೆ ಎಸೆಯಲ್ಪಡುತ್ತದೆ.

ಟೈರಿನ ಅಂಗಡಿಗಳಲ್ಲಿ ಈ ಕೆಲಸ ಸುಲಭವಾಗಿ ತಪ್ಪಿಹೋಗುತ್ತದೆ. ಟೈರು ಬದಲಿಸುವವರ ಗಮನ ಟೈರಿನ ಮೇಲಿರುತ್ತದೆ. ಚಕ್ರ ಇಳಿಯುತ್ತದೆ, ಹೊಸ ಟೈರು ಏರುತ್ತದೆ, ಚಕ್ರ ಮರಳಿ ಕೂರುತ್ತದೆ, ಪೇಸ್ಟಿನ ಮಾತೇ ಬರುವುದಿಲ್ಲ. ನನ್ನ ಬೈಕಿನ ಹಿಂಚಕ್ರವನ್ನು ಬಿಚ್ಚಿದಾಗ ಹಲ್ಲುಗಳ ನಡುವೆ ಗ್ರೀಸಿನ ಜಾಗದಲ್ಲಿ ಕೆಂಗಂದು ಬಣ್ಣದ ಪುಡಿಯಿತ್ತು. ಒಣಗಿದ ಎರಡು ಲೋಹದ ಮೈಗಳು ಕೂದಲೆಳೆಯಷ್ಟು ಅಲುಗಾಡುತ್ತ ಒಂದನ್ನೊಂದು ಉಜ್ಜಿದಾಗ ಹುಟ್ಟುವ ತುಕ್ಕಿನ ಪುಡಿ ಅದು. ಚಪ್ಪಟೆ ತಲೆಯಿರಬೇಕಾದ ಹಲ್ಲುಗಳು ತೆಳುವಾಗಿ, ತುದಿಯಲ್ಲಿ ಚೂಪಾಗಿ, ಒಂದೇ ಕಡೆಗೆ ವಾಲಿದ್ದವು. ಹೀಗೆಯೇ ಮುಂದುವರಿದಿದ್ದರೆ ಒಂದು ದಿನ ಹಲ್ಲುಗಳು ಪೂರ್ತಿ ಕಿತ್ತುಹೋಗಿ, ಎಂಜಿನ್ನು ಓಡುತ್ತಿದ್ದರೂ ಗೇರು ಬಿದ್ದಿದ್ದರೂ ಬೈಕು ನಿಂತಲ್ಲಿಂದ ಕದಲುತ್ತಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಇದು ಹೊರಗಿನಿಂದ ಯಾವ ರೀತಿಯಲ್ಲೂ ತಿಳಿಯದು ಎಂಬ ಸಂಗತಿ. ಗೇರಿನಲ್ಲಿಟ್ಟು ಹಿಂಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿದರೆ ಒಂದಿಷ್ಟು ಆಟ ಕೈಗೆ ಸಿಗುತ್ತದೆ, ನಿಜ. ಆದರೆ ಆ ಆಟದಲ್ಲಿ ಗೇರ್‌ಬಾಕ್ಸಿನದು ಸ್ವಲ್ಪ, ಬೆವೆಲ್ ಗೇರುಗಳ ನಡುವೆ ಬೇಕೆಂದೇ ಬಿಟ್ಟಿರುವ ಸಂದು ಸ್ವಲ್ಪ, ಹಬ್ಬಿನ ಕಪ್ಲಿಂಗ್ ರಬ್ಬರಿನದು ಸ್ವಲ್ಪ ಸೇರಿರುತ್ತದೆ. ಸ್ಪ್ಲೈನಿನ ಪಾಲು ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಅನುಭವಿ ಮೆಕ್ಯಾನಿಕ್ಕಿಗೂ ಕಷ್ಟ. ಶಾಫ್ಟಿನ ಆಯಿಲನ್ನು ಇಳಿಸಿ ನೋಡಿದರೂ ಪ್ರಯೋಜನವಿಲ್ಲ. ಡ್ರೇನ್ ಬೋಲ್ಟಿನ ಅಯಸ್ಕಾಂತಕ್ಕೆ ಅಂಟುವ ಬೂದು ಬಣ್ಣದ ನುಣುಪು ಕೆಸರು ಸಹಜ ಸವೆತದ್ದು, ಚಕ್ಕೆಗಳು ಬಂದರೆ ಗೇರಿಗೋ ಬೇರಿಂಗಿಗೋ ಪೆಟ್ಟು ಬಿದ್ದಿದೆ ಎಂದರ್ಥ. ಆದರೆ ಸ್ಪ್ಲೈನಿನ ಪುಡಿ ಆ ಆಯಿಲಿಗೆ ಸೇರುವುದೇ ಇಲ್ಲವಾದ್ದರಿಂದ ಅಯಸ್ಕಾಂತ ಅದರ ಬಗ್ಗೆ ಏನೂ ಹೇಳಲಾರದು. ಚಕ್ರ ಬಿಚ್ಚಿ, ಒರೆಸಿ, ಬೆಳಕು ಹಿಡಿದು ನೋಡಿದಾಗ ಮಾತ್ರ ಸತ್ಯ ತಿಳಿಯುತ್ತದೆ.

ರಿಪೇರಿಯೂ ಅರ್ಧಕ್ಕೆ ನಿಲ್ಲಿಸಬಹುದಾದದ್ದಲ್ಲ. ಹಬ್ಬಿನ ಕಡೆಯ ಹಲ್ಲುಗಳನ್ನಷ್ಟೇ ಹೊಸದು ಮಾಡಿ ಫೈನಲ್ ಡ್ರೈವಿನ ಕಡೆಯದನ್ನು ಹಳೆಯದೇ ಉಳಿಸಿದರೆ, ಸವೆದ ಹಲ್ಲು ಹೊಸ ಹಲ್ಲನ್ನೂ ಬೇಗನೆ ತನ್ನಂತೆಯೇ ಮಾಡಿಬಿಡುತ್ತದೆ. ಎರಡನ್ನೂ ಬದಲಿಸಬೇಕೆಂದರೆ ಆ ಮಾದರಿಗೆಂದೇ ತಯಾರಾದ ಬಿಡಿಭಾಗಗಳೇ ಬೇಕು, ಬೇರೆ ಯಾವುದೂ ಕೂರದು. ತಯಾರಿಕೆ ನಿಂತ ಮಾದರಿಯಾದರೆ ಗುಜರಿಯಲ್ಲಿ ಹುಡುಕಬೇಕು. ಅಲ್ಲಿ ಸಿಗುವುದೂ ಅಷ್ಟೇ ಓಡಿದ, ಅಷ್ಟೇ ಅಲಕ್ಷ್ಯಕ್ಕೆ ಗುರಿಯಾದ ಇನ್ನೊಂದು ಬೈಕಿನದಾಗಿರುವ ಸಂಭವ ಹೆಚ್ಚು. ಜೋಡಿಸುವಾಗಲೂ ಕ್ರಮವಿದೆ: ಕೆಲವು ಮಾದರಿಗಳಲ್ಲಿ ಫೈನಲ್ ಡ್ರೈವಿನ ನಟ್ಟುಗಳನ್ನು ಮೊದಲು ಸಡಿಲವಾಗಿಯೇ ಬಿಟ್ಟು, ಚಕ್ರದ ಆಕ್ಸಲ್ಲನ್ನು ಬಿಗಿಮಾಡಿ, ಹಲ್ಲುಗಳು ನೇರಕ್ಕೆ ಕೂತ ಮೇಲಷ್ಟೇ ಆ ನಟ್ಟುಗಳನ್ನು ಬಿಗಿಯಬೇಕು. ಕ್ರಮ ತಪ್ಪಿದರೆ ಓರೆಯಾಗಿ ಕೂತ ಹಲ್ಲುಗಳು ಎಷ್ಟೇ ಪೇಸ್ಟು ಹಚ್ಚಿದ್ದರೂ ಸವೆಯುತ್ತವೆ.

ಚೈನಿನ ಸವೆತ ಇದಕ್ಕೆ ತೀರಾ ಬೇರೆಯದು. ಟೂರಿಂಗ್ ಬೈಕುಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ 525 ಮತ್ತು 530 ಅಳತೆಯ ಚೈನುಗಳೆರಡರಲ್ಲೂ ಒಂದು ಪಿನ್ನಿನಿಂದ ಮತ್ತೊಂದು ಪಿನ್ನಿಗೆ 15.875 ಮಿಲಿಮೀಟರ್ ಅಂತರ. ಅಂದರೆ ಇಪ್ಪತ್ತು ಕೊಂಡಿಗಳ ಉದ್ದ ಹೊಸದರಲ್ಲಿ 317.5 ಮಿಲಿಮೀಟರ್. ಈ ಗಾತ್ರದ ಚೈನಿಗೆ ಹಲವು ಕೈಪಿಡಿಗಳು ಹೇಳುವ ಗರಿಷ್ಠ ಮಿತಿ 323 ಮಿಲಿಮೀಟರಿನ ಹತ್ತಿರದ್ದು. ಚೈನು ಹಿಗ್ಗಿತು ಎಂದು ನಾವು ಹೇಳಿದರೂ ಪಟ್ಟಿಗಳೇನೂ ಹಿಗ್ಗಿರುವುದಿಲ್ಲ. ಪ್ರತಿ ಪಿನ್ನೂ ಅದನ್ನು ಸುತ್ತುವರಿದ ಬುಶ್ಶೂ ಕಾಲು ಮಿಲಿಮೀಟರಿನಷ್ಟು ಸವೆದು, ಆ ಸವೆತವೆಲ್ಲ ಕೂಡಿ ಉದ್ದವಾಗಿ ತೋರುತ್ತದೆ. ಒಂದು ಸ್ಟೀಲ್ ಸ್ಕೇಲಿದ್ದರೆ ಸಾಕು, ನೆಲದ ಮೇಲೆ ಕೂತು ಈ ಲೆಕ್ಕವನ್ನು ಯಾರಾದರೂ ತೆಗೆಯಬಹುದು. ಚೈನು ಕೂರುವ ಹಲ್ಲುಚಕ್ರವಾದ ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಾಗಿ ಬಾಗುವುದು, ಹಿಂದಿನ ಸ್ಪ್ರಾಕೆಟ್ಟಿನ ಮೇಲಿಂದ ಚೈನನ್ನು ಬೆರಳಲ್ಲಿ ಎಳೆದರೆ ಹಲ್ಲು ಬಿಟ್ಟು ಮೇಲೇಳುವುದು, ಇವೆಲ್ಲ ಸಾವಿರಾರು ಕಿಲೋಮೀಟರ್ ಮೊದಲೇ ಕಾಣುವ ಸೂಚನೆಗಳು.

ಚೈನಿನ ಚಾಕರಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಐನೂರರಿಂದ ಸಾವಿರ ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ಓಡಿದ ಮೇಲಂತೂ ಅದೇ ಸಂಜೆ, ಚೈನು ಇನ್ನೂ ಬೆಚ್ಚಗಿರುವಾಗಲೇ ಎಣ್ಣೆ ಹಾಕಬೇಕು. ಓ-ರಿಂಗ್ ಅಥವಾ ಎಕ್ಸ್-ರಿಂಗ್ ಚೈನಿನಲ್ಲಿ ಪಿನ್ನಿಗೆ ಬೇಕಾದ ಗ್ರೀಸನ್ನು ಕಾರ್ಖಾನೆಯಲ್ಲಿಯೇ ತುಂಬಿ ರಬ್ಬರ್ ರಿಂಗಿನಿಂದ ಮುಚ್ಚಿರುತ್ತಾರೆ. ನಾವು ಹಾಕುವ ಎಣ್ಣೆ ಆ ರಿಂಗುಗಳು ಒಣಗಿ ಬಿರಿಯದಂತೆಯೂ ಹೊರಗಿನ ರೋಲರುಗಳು ತುಕ್ಕು ಹಿಡಿಯದಂತೆಯೂ ಕಾಯುತ್ತದೆ. ಆದ್ದರಿಂದ ತಂತಿ ಬ್ರಶ್ಶಿನಿಂದ ಉಜ್ಜುವುದೂ ಪೆಟ್ರೋಲಿನಲ್ಲಿ ತೊಳೆಯುವುದೂ ಬೇಡ, ಸೀಮೆಎಣ್ಣೆ ಮತ್ತು ಮೆತ್ತನೆಯ ಬ್ರಶ್ಶು ಸಾಕು. ದುಬಾರಿ ಸ್ಪ್ರೇಗಳಿಗಿಂತ 80-90 ದಪ್ಪದ ಗೇರ್ ಆಯಿಲನ್ನೇ ಬಟ್ಟೆಯಲ್ಲಿ ತೆಳುವಾಗಿ ಹಚ್ಚುವುದು ನನಗೆ ಒಗ್ಗಿದೆ. ಸ್ವಲ್ಪ ಸಿಡಿಯುತ್ತದೆ, ಒರೆಸಿದರೆ ಹೋಗುತ್ತದೆ. ಓಡುತ್ತಿರುವಾಗಲೇ ಹನಿ ಹನಿಯಾಗಿ ಎಣ್ಣೆ ಬಿಡುವ ಆಯಿಲರ್ ಅಳವಡಿಸಿದ ಮೇಲೆ ದೀರ್ಘ ಪ್ರಯಾಣಗಳಲ್ಲಿ ಆ ಕೆಲಸವೂ ಬಹಳ ಕಡಿಮೆಯಾಯಿತು. ಸೆಂಟರ್ ಸ್ಟ್ಯಾಂಡ್ ಇಲ್ಲದ ಬೈಕಿನಲ್ಲಿ ಇದನ್ನೆಲ್ಲ ಮಾಡುವುದು ನಿಜಕ್ಕೂ ಹಿಂಸೆ, ಹಾಗಾಗಿ ಟೂರಿಂಗಿಗೆ ಚೈನ್ ಬೈಕು ಕೊಳ್ಳುವವರು ಸೆಂಟರ್ ಸ್ಟ್ಯಾಂಡ್ ಇದೆಯೇ ಎಂದು ಮೊದಲು ನೋಡಬೇಕು.

ಬಿಗಿ ಸರಿಪಡಿಸುವಾಗ ಒಂದು ವಿಷಯವನ್ನು ಗಮನದಲ್ಲಿಡಬೇಕು. ಹಳೆಯ ಚೈನು ಎಲ್ಲ ಕಡೆ ಒಂದೇ ಸಮನೆ ಸವೆದಿರುವುದಿಲ್ಲವಾದ್ದರಿಂದ ಚಕ್ರವನ್ನು ನಿಧಾನವಾಗಿ ತಿರುಗಿಸಿ ಅತಿ ಬಿಗಿಯಾದ ಜಾಗವನ್ನು ಕಂಡುಕೊಂಡು, ಅಲ್ಲಿ ಕೈಪಿಡಿ ಹೇಳಿದಷ್ಟು ಸಡಿಲ ಉಳಿಸಬೇಕು. ಸಡಿಲ ಜಾಗದಲ್ಲಿ ಅಳೆದು ಬಿಗಿಮಾಡಿದರೆ ಬಿಗಿ ಜಾಗ ಬಂದಾಗಲೆಲ್ಲ ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟಿನ ಬೇರಿಂಗಿಗೆ ಎಳೆತ ಬೀಳುತ್ತದೆ. ಪೆಟ್ಟಿಗೆ ತುಂಬಿ ಇಬ್ಬರು ಕೂತಾಗ ಹಿಂಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮ್ ಮೇಲೇರಿ, ಮುಂದಿನ ಸ್ಪ್ರಾಕೆಟ್ಟು, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಆಕ್ಸಲ್ಲು ಮೂರೂ ಒಂದೇ ಗೆರೆಗೆ ಬಂದ ಗಳಿಗೆಯಲ್ಲಿ ಚೈನು ಅತ್ಯಂತ ಬಿಗಿಯಾಗುತ್ತದೆ. ಭಾರ ಹೊರುವ ಬೈಕಿನಲ್ಲಿ ಕೊಂಚ ಸಡಿಲವೇ ಲೇಸು.

ಬೆಲ್ಟಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸದ್ದಿಲ್ಲ, ಎಣ್ಣೆ ಬೇಡ, ಹಗುರ. ಒಳ್ಳೆಯ ಡಾಂಬರು ರಸ್ತೆಯಲ್ಲಿ ಅದಕ್ಕಿಂತ ನೆಮ್ಮದಿಯದು ಬೇರೆಯಿಲ್ಲ. ಆದರೆ ಜಲ್ಲಿ ರಸ್ತೆಯಲ್ಲಿ ಪುಲ್ಲಿಗೂ ಬೆಲ್ಟಿಗೂ ನಡುವೆ ಒಂದು ಕಲ್ಲು ಸಿಕ್ಕಿಬಿದ್ದರೆ ಒಳಗಿನ ನಾರುಗಳು ತುಂಡಾಗುತ್ತವೆ. ಬೆಲ್ಟಿಗೆ ಕೊಂಡಿಯಿಲ್ಲದ ಕಾರಣ ಬದಲಿಸಲು ಬಹಳಷ್ಟು ಬೈಕುಗಳಲ್ಲಿ ಸ್ವಿಂಗ್ ಆರ್ಮನ್ನೇ ಸಡಿಲಿಸಬೇಕು. ಜೊತೆಗೊಂದು ಹೆಚ್ಚುವರಿ ಬೆಲ್ಟನ್ನು ಒಯ್ಯೋಣವೆಂದರೆ ಅದನ್ನು ಚಿಕ್ಕದಾಗಿ ಮಡಚುವಂತಿಲ್ಲ, ಮಡಚಿದಲ್ಲಿ ನಾರು ಮುರಿಯುತ್ತದೆ. ನನ್ನ ದಾರಿಗಳಲ್ಲಿ ಜಲ್ಲಿ ಬಹಳ.

ಉಳಿದ ಅಂಶಗಳು ಚಿಕ್ಕವು. ಶಾಫ್ಟಿನ ತೂಕ ಹಿಂಚಕ್ರದ ಬಳಿಯೇ ಇರುವುದರಿಂದ ಹಳ್ಳ ದಿಣ್ಣೆಗಳು ಹೆಚ್ಚು ತಟ್ಟುತ್ತವೆ. ಚೈನಿನಲ್ಲಿ ಮುಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಹೆಚ್ಚಿಸಿಕೊಂಡರೆ ಹೆದ್ದಾರಿಯಲ್ಲಿ ಎಂಜಿನ್ನು ನಿಧಾನಕ್ಕೆ ತಿರುಗುತ್ತದೆ, ಶಾಫ್ಟಿನಲ್ಲಿ ಆ ಅವಕಾಶವಿಲ್ಲ. ಪಂಕ್ಚರಿಗೆಂದು ಹಿಂಚಕ್ರ ಬಿಚ್ಚುವುದು ಎರಡರಲ್ಲೂ ಸರಿಸುಮಾರು ಒಂದೇ ಶ್ರಮ.

ಖರ್ಚಿನ ವಿಷಯದಲ್ಲಿ ಚೈನೇ ಅಗ್ಗ ಎಂದು ಸಲೀಸಾಗಿ ಹೇಳಲಾಗದು. ಭಾರ, ಮಳೆ, ಎಣ್ಣೆ ಇವುಗಳಿಗೆ ತಕ್ಕಂತೆ ಒಳ್ಳೆಯ ಚೈನ್ ಸೆಟ್ಟು ಇಪ್ಪತ್ತರಿಂದ ನಲವತ್ತು ಸಾವಿರ ಕಿಲೋಮೀಟರ್ ಬಾಳುತ್ತದೆ ಎಂದಿಟ್ಟುಕೊಂಡರೂ ಲಕ್ಷ ಕಿಲೋಮೀಟರಿನಲ್ಲಿ ಕೆಲವು ಸೆಟ್ಟುಗಳು ಬೇಕೇ ಬೇಕು, ಪ್ರತಿ ಸಲವೂ ಚೈನು ಮತ್ತು ಎರಡು ಸ್ಪ್ರಾಕೆಟ್ಟುಗಳನ್ನು ಒಟ್ಟಿಗೇ ಬದಲಿಸಬೇಕು. ಚೆನ್ನಾಗಿ ನೋಡಿಕೊಂಡ ಶಾಫ್ಟು ಅಷ್ಟು ದೂರವನ್ನು ಆಯಿಲು, ಪೇಸ್ಟುಗಳಲ್ಲಿಯೇ ಕಳೆಯಬಲ್ಲದು. ಆದರೆ ಚೈನಿನ ಖರ್ಚು ಸಣ್ಣ ಕಂತುಗಳಲ್ಲಿ, ನಾನು ಮೊದಲೇ ಬಲ್ಲ ಸಮಯಕ್ಕೆ ಬರುತ್ತದೆ. ಶಾಫ್ಟಿನದು ಬಂದರೆ ಒಂದೇ ಇಡಿಗಂಟಾಗಿ, ಅದೂ ಮನೆಯಿಂದ ದೂರವಿರುವಾಗ ಬರುವ ಸಂಭವ ಹೆಚ್ಚು. ಅಲ್ಲದೆ 525, 530 ಎಂಬವು ಹಲವು ಕಂಪನಿಗಳ ಬೈಕುಗಳಿಗೆ ಸಾಮಾನ್ಯವಾದ ಅಳತೆಗಳಾದ್ದರಿಂದ ಬೈಕಿನ ತಯಾರಿಕೆ ನಿಂತು ಎಷ್ಟೋ ವರ್ಷಗಳಾದರೂ ಅದಕ್ಕೆ ಚೈನು ಸಿಗುತ್ತಲೇ ಇರುತ್ತದೆ. ಹಳೆಯ ಬೈಕನ್ನು ಇನ್ನೂ ಬಹುಕಾಲ ಇಟ್ಟುಕೊಳ್ಳಬೇಕೆಂಬ ನನ್ನಂಥವರಿಗೆ ಇದೊಂದೇ ಕಾರಣ ಸಾಕು.

ನಾನು ಬೈಕನ್ನು ನನ್ನ ಕೈಯಾರೆ ತೊಳೆಯುವವನು, ಚಕ್ರವನ್ನೂ ನಾನೇ ಬಿಚ್ಚುವವನು. ಎಣ್ಣೆಯ ಬಟ್ಟೆ ಹಿಡಿದು ಹತ್ತು ನಿಮಿಷ ಕೂರುವುದು ನನಗೆ ಹೊರೆಯಲ್ಲ, ಆ ಹತ್ತು ನಿಮಿಷದಲ್ಲಿ ಟೈರು, ಬ್ರೇಕು, ಸಡಿಲಾದ ನಟ್ಟು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ನನಗೆ ಚೈನು. ಬೈಕನ್ನು ಮುಟ್ಟುವ ಬಿಡುವಿಲ್ಲದೆ, ನಂಬಿಕಸ್ಥ ಮೆಕ್ಯಾನಿಕ್ಕಿನ ಕೈಗೆ ಎಲ್ಲವನ್ನೂ ಒಪ್ಪಿಸಿ, ಹೆಚ್ಚಾಗಿ ಮಳೆಯಲ್ಲಿ ದೂರ ಹೋಗುವವರು ಹೊಸ ಶಾಫ್ಟ್ ಬೈಕನ್ನು ಕೊಂಡು, ಟೈರು ಬದಲಿಸಿದಾಗಲೆಲ್ಲ ಪೇಸ್ಟು ಹಚ್ಚಿಸಿ ಅದನ್ನು ಬಿಲ್ಲಿನಲ್ಲಿ ಬರೆಸಿಕೊಂಡರೆ ಸುಖವಾಗಿರುತ್ತಾರೆ. ಬಹಳ ಓಡಿದ ಶಾಫ್ಟ್ ಬೈಕನ್ನೇ ಕೊಳ್ಳುವುದಾದರೆ ಹಣ ಕೊಡುವ ಮೊದಲು ಹಿಂಚಕ್ರವನ್ನು ಬಿಚ್ಚಿಸಿ, ಎರಡೂ ಕಡೆಯ ಹಲ್ಲುಗಳನ್ನು ಒರೆಸಿ ನೋಡಬೇಕು. ಮಾರುವವರು ಅದಕ್ಕೆ ಒಪ್ಪದಿದ್ದರೆ ಹಬ್ಬು ಮತ್ತು ಫೈನಲ್ ಡ್ರೈವಿನ ಪೂರ್ತಿ ಖರ್ಚನ್ನು ಬೆಲೆಯಿಂದ ಕಳೆದೇ ಮಾತಿಗೆ ಕೂರಬೇಕು.