ಬಾಯಿಮಾತು ನಂಬಿ ಫೈಲಿಗೆ ಸಹಿ ಹಾಕಬೇಡಿ

ಸ್ಥಳೀಯ ಸಂಸ್ಥೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಇದನ್ನು ಓದಲೇಬೇಕು. ನಾನು ಒಂದು ಪೈಸೆ ಲಂಚ ಮುಟ್ಟಿಲ್ಲ. ಆದರೂ ಸಿಕ್ಕಿಹಾಕಿಕೊಂಡೆ.

ಸೇರಿ ನಾಲ್ಕು ತಿಂಗಳಾಗಿತ್ತು ಅಷ್ಟೇ. ಚರಂಡಿ ಕಾಮಗಾರಿಯೊಂದು ನನ್ನ ಮೇಜಿಗೆ ಬಂತು. ಚರಂಡಿ ಒಂದೇ, ಫೈಲ್ ಮಾತ್ರ ಮೂರು. ಒಂದೊಂದರ ಮೊತ್ತವೂ ಟೆಂಡರ್ ಕರೆಯಬೇಕಾದ ಮಿತಿಗಿಂತ ಚೂರೇ ಚೂರು ಕಡಿಮೆ. ಟೆಂಡರ್ ಬೇಡ ಅಂದಮೇಲೆ ಮೂರು ಕೊಟೇಶನ್ ಸಾಕು. ಅವನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಲೆಟರ್‌ಹೆಡ್ ಬೇರೆ ಬೇರೆ. ಆದರೆ ಮೂರರಲ್ಲೂ ‘ಕಾಂಕ್ರೀಟ್’ಗೆ ಒತ್ತಕ್ಷರವೇ ಇಲ್ಲ, ‘ಕಾಂಕೀಟ್’ ಅಂತಿತ್ತು.

ಮೇಲಧಿಕಾರಿಯನ್ನು ಕೇಳಿದೆ. ಅವರು ಬೈಯಲಿಲ್ಲ, ನಕ್ಕರು. “ಜನ ಕಾಯ್ತಿದ್ದಾರೆ, ಕೆಲಸ ಬೇಗ ಆಗ್ಲಿ. ಸುಮ್ನೆ ಸಹಿ ಹಾಕಿ, ನಾನಿದ್ದೀನಲ್ಲ” ಅಂದರು. ಹೆದರಿಸಿದ್ದರೆ ಬಹುಶಃ ಹಾಕುತ್ತಿರಲಿಲ್ಲ. ನನಗೆ ಕೆಲಸ ಕಲಿಸಿದವರೂ ಅವರೇ. ಹಾಕಿಬಿಟ್ಟೆ.

ಆಮೇಲೆ ಅಳತೆ ಪುಸ್ತಕ ಬಂತು. ಜಾಗಕ್ಕೆ ಯಾರೂ ಹೋಗದೆಯೇ ಉದ್ದ, ಅಗಲ ಎಲ್ಲ ಬರೆದಾಗಿತ್ತು. ಈ ಸಲ ಆಗಲ್ಲ ಅನ್ನಲು ಬಾಯೇ ಬರಲಿಲ್ಲ. ಮೊದಲನೆಯದಕ್ಕೆ ಸಹಿ ಹಾಕಿದವನು ನಾನೇ ಅಲ್ವಾ? ಗುತ್ತಿಗೆದಾರ ಒಬ್ಬ ಸದಸ್ಯರ ಅಳಿಯ ಅನ್ನೋದು ನನ್ನೊಬ್ಬನನ್ನು ಬಿಟ್ಟು ಇಡೀ ಕಚೇರಿಗೆ ಗೊತ್ತಿತ್ತಂತೆ. ಬಿಲ್ ಒಪ್ಪಿದ ಸಭೆಯಲ್ಲಿ ಆ ಸದಸ್ಯರೂ ಕೂತಿದ್ದರು. ನಡಾವಳಿಯಲ್ಲಿ ಸಂಬಂಧದ ಬಗ್ಗೆ ಒಂದು ಸಾಲೂ ಇಲ್ಲ.

ಆಡಿಟ್‌ನವರು ಬರುವ ಹೊತ್ತಿಗೆ ಮೇಲಧಿಕಾರಿಗೆ ವರ್ಗವಾಗಿತ್ತು. ಆ ಫೈಲ್‌ಗಳಲ್ಲಿ ಅವರ ಕೈಬರಹ ಒಂದಕ್ಷರವೂ ಇಲ್ಲ. ಇದ್ದದ್ದೆಲ್ಲ ನನ್ನ ಸಹಿ, ತಾರೀಖು ಸಮೇತ. ನೋಟಿಸ್ ನನಗೇ ಬಂತು. ಫೋನ್ ಮಾಡಿದೆ. “ನಾನು ಹಾಗೆ ಹೇಳಿದ್ನಾ?” ಅಂದರು.

ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಯಾರೂ ಜಗಳಕ್ಕೆ ಬರಲಿಲ್ಲ. ನನ್ನ ಮೇಜಿಗೆ ಫೈಲ್ ಬರುವುದು ನಿಂತಿತು, ಊಟಕ್ಕೆ ಕರೆಯುವುದೂ ನಿಂತಿತು. ವಿಶ್ವಸಂಸ್ಥೆಯ 2003ರ ಭ್ರಷ್ಟಾಚಾರ ವಿರೋಧಿ ಒಪ್ಪಂದದ 33ನೇ ವಿಧಿ ದೂರು ಕೊಟ್ಟವರ ರಕ್ಷಣೆಗೇ ಇರುವುದು. ಆಸೆಯಿಂದ ಓದಿದೆ. ರಕ್ಷಣೆಯ ಕ್ರಮಗಳನ್ನು ಕಾನೂನಿಗೆ ಸೇರಿಸುವುದನ್ನು ದೇಶಗಳು ‘ಪರಿಗಣಿಸಬೇಕು’ ಅಂತಿದೆ. ಅಷ್ಟೇ!

ಈಗ ಯಾರೇ ಬಾಯಲ್ಲಿ ಹೇಳಲಿ, ಅದೇ ದಿನ ಟಿಪ್ಪಣಿ ಹಾಳೆಯಲ್ಲಿ “ತಾವು ಮೌಖಿಕವಾಗಿ ತಿಳಿಸಿದಂತೆ” ಅಂತ ಶುರು ಮಾಡಿ ಬರೆದು, ಮೊದಲು ಅವರ ಸಹಿಗೇ ಕಳಿಸುತ್ತೇನೆ. ಅರ್ಧಕ್ಕರ್ಧ ಫೈಲ್ ಅಲ್ಲಿಂದ ವಾಪಸ್ಸೇ ಬರುವುದಿಲ್ಲ.