ಲೇಥ್ ಮೇಲೆ ಕೌದಿಯೋ, ಪ್ಲಾಸ್ಟಿಕ್ಕೋ?

ಕಲಬುರಗಿಯ ನಮ್ಮ ಹಳೇ ಮನೆಯಲ್ಲಿ ಪಡಸಾಲೆಗೆ ಹೊಂದಿಕೊಂಡ ಕೋಣೆಯೇ ನನ್ನ ವರ್ಕ್‌ಶಾಪ್. ಒಂದು ಲೇಥ್ (ಲೋಹವನ್ನು ತಿರುಗಿಸಿ ಕಡೆಯುವ ಮಶೀನು), ಒಂದು ಬೆಂಚ್ ಡ್ರಿಲ್, ಒಂದು ವೆಲ್ಡಿಂಗ್ ಮಶೀನು. ಪಂಪುಗಳ ಶಾಫ್ಟ್, ಬುಷ್ ಮಾಡಿಕೊಡುತ್ತೇನೆ. ಹೋದ ಏಪ್ರಿಲ್‌ನಲ್ಲಿ ಪಡಸಾಲೆಯ ಶಹಾಬಾದ್ ಫರ್ಸಿ ಕಿತ್ತು ಟೈಲ್ಸ್ ಹಾಕಿಸಿದೆವು. ವೈರಿಂಗ್‌ಗೆ ಗೋಡೆಯನ್ನೂ ಕೊರೆಸಿದೆವು. ಆರು ವಾರದ ಕೆಲಸ. ಲೇಥ್ ಎತ್ತಿ ಬೇರೆ ಕಡೆ ಇಟ್ಟರೆ ಮತ್ತೆ ಲೆವೆಲ್ ಕೂರಿಸಬೇಕು. ಅದಕ್ಕೆ ಎಲ್ಲವನ್ನೂ ಇದ್ದಲ್ಲೇ ಮುಚ್ಚಿಟ್ಟೆ. ಒಂದೊಂದಕ್ಕೆ ಒಂದೊಂದು ಬಗೆಯ ಹೊದಿಕೆ.

ಧೂಳೆಲ್ಲ ಒಂದೇ ಥರ ಅಲ್ಲ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಅದರ ಪುಡಿ ಮೆತ್ತಗೆ. ಟೈಲ್ಸ್ ಪುಡಿಯಲ್ಲೂ ಉಸುಕಿನಲ್ಲೂ ಇರುವ ಸ್ಫಟಿಕ ಲೇಥ್ ಬೆಡ್‌ನ, ಅಂದರೆ ಅದರ ಉದ್ದನೆ ತಳದ, ಬೀಡುಕಬ್ಬಿಣಕ್ಕಿಂತ ಗಡಸು. ಅದು ಎಣ್ಣೆಗೆ ಸೇರಿದರೆ ವಾಲ್ವ್ ತಿಕ್ಕುವ ಗ್ರೈಂಡಿಂಗ್ ಪೇಸ್ಟೇ ಆಗಿಬಿಡುತ್ತದೆ. ಉಳಿ ಹೊತ್ತು ಬೆಡ್ ಮೇಲೆ ಜಾರುವ ಸ್ಯಾಡಲ್ ಸರಿಸಿದಷ್ಟೂ ಬೆಡ್ ಸವೆಯುತ್ತದೆ.

ಡ್ರಿಲ್‌ಗೆ ಹಳೇ ಕೌದಿ ಹೊದಿಸಿದೆ. "ಎಣ್ಣಿ ಮಶೀನ್ ಮ್ಯಾಲ ಕೌದಿ ಹಾಕ್ತೀಯೇನಪಾ?" ಅಂತ ಅವ್ವ ಬೇಜಾರು ಮಾಡಿಕೊಂಡಳು. ದಪ್ಪ ಬಟ್ಟೆ, ಚೆನ್ನಾಗಿ ಕೂತಿತು. ದಪ್ಪ ಕಣಗಳನ್ನು ತಡೆಯಿತು, ಒಳಗೆ ಬೆವರಲಿಲ್ಲ. ಆದರೆ ಒಂದು ವಾರಕ್ಕೇ ಡ್ರಿಲ್ ಟೇಬಲ್ ಮೇಲೆ ಬೆರಳು ಎಳೆದರೆ ಗೆರೆ ಮೂಡುತ್ತಿತ್ತು. ನುಣ್ಣನೆ ಧೂಳು ನೂಲಿನ ಸಂದಿಯಲ್ಲೇ ಇಳಿದಿತ್ತು. ಕೌದಿ ತೆಗೆಯುವಾಗ ಮೇಲಿದ್ದದ್ದೂ ಉದುರಿತು.

ಲೇಥ್‌ಗೆ ಹಾರ್ಡ್‌ವೇರ್ ಅಂಗಡಿಯ ದಪ್ಪ ಪ್ಲಾಸ್ಟಿಕ್ ಹಾಳೆ. ನೆಲದವರೆಗೂ ಇಳಿಸಿ ಸುತ್ತಲೂ ಟೇಪ್ ಹಚ್ಚಿದ್ದೆ. ಧೂಳು ತಡೆಯುವುದರಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ಮೇ ಕೊನೆಯಲ್ಲಿ ಎರಡು ದಿನ ಮಳೆ ಬಂತು. ಪಡಸಾಲೆಯಲ್ಲಿ ಹೊಸ ಗಾರೆ ಬೇರೆ ಆರುತ್ತಿತ್ತು. ಮೂರನೇ ದಿನ ಬೆಳಿಗ್ಗೆ ಹಾಳೆ ಎತ್ತಿದರೆ ಒಳಮೈಗೆ ಹನಿ ಅಂಟಿತ್ತು. ಕಡೆಯುವ ತುಂಡನ್ನು ಹಿಡಿಯುವ ಚಕ್ ಮೇಲೆ ಜೋಳದ ಕಾಳಿನಷ್ಟು ಕಂದು ಚುಕ್ಕೆಗಳು, ಎಣಿಸಿದರೆ ಹನ್ನೊಂದು. ರಾತ್ರಿ ತಣ್ಣಗಾದ ಕಬ್ಬಿಣಕ್ಕೆ ಒಳಗೆ ಸಿಕ್ಕಿಕೊಂಡ ತೇವ ಹತ್ತಿತ್ತು. ಕೌದಿಯ ಕೆಳಗಿನ ಡ್ರಿಲ್‌ಗೆ ಒಂದು ಚುಕ್ಕೆಯೂ ಇರಲಿಲ್ಲ.

ವೆಲ್ಡಿಂಗ್ ಮಶೀನಿಗೆ ಹಾಕಿದ್ದ ತಾಡಪತ್ರಿ ಬಿರುಸು, ಮೈಗೆ ಕೂರುವುದಿಲ್ಲ, ಮಡಿಕೆಯ ಸಂದಿಯಲ್ಲೆಲ್ಲ ಧೂಳು. ಹೊರಗೆ ಬಿದ್ದಿರುವ ಸಾಮಾನಿಗೆ ಸರಿ, ಒಳಗೆ ಬೇಡ. ಸುತ್ತುವ ತೆಳು ಫಿಲ್ಮ್ ಡ್ರಿಲ್ ಬಿಟ್‌ಗಳಿಗೂ ಲೇಥ್‌ನ ಉಳಿ ಹಿಡಿಯುವ ಟೂಲ್ ಪೋಸ್ಟಿಗೂ ಚೆನ್ನಾಗಿದೆ, ಮೊದಲು ಒರೆಸಿ ಎಣ್ಣೆ ಸವರಬೇಕು ಅಷ್ಟೇ.

ಆದರೆ ಹೊದಿಕೆಗಿಂತ ದೊಡ್ಡ ವ್ಯತ್ಯಾಸ ಮಾಡಿದ್ದು ಬಾಗಿಲು. ಮೊದಲ ವಾರ ಸೆಖೆ ಅಂತ ವರ್ಕ್‌ಶಾಪಿನ ಎಕ್ಸಾಸ್ಟ್ ಫ್ಯಾನ್ ಹಾಕಿಕೊಂಡಿದ್ದೆ. ಅದು ನನ್ನ ಕೋಣೆಯ ಗಾಳಿ ಹೊರಗೆ ತಳ್ಳಿದಷ್ಟೂ ಪಡಸಾಲೆಯ ಧೂಳು ಬಾಗಿಲ ಸಂದಿಯಿಂದ ಒಳಗೆ ಬಂತು. ಗಮನಕ್ಕೆ ಬಂದ ದಿನವೇ ಅದನ್ನು ನಿಲ್ಲಿಸಿದೆ. ಪಡಸಾಲೆಯ ಕಿಟಕಿಗೆ ಹೊರಮುಖವಾಗಿ ಟೇಬಲ್ ಫ್ಯಾನ್ ಇಟ್ಟೆ. ನನ್ನ ಬಾಗಿಲಿಗೆ ಚೌಕಟ್ಟಿಗಿಂತ ದೊಡ್ಡ ಪ್ಲಾಸ್ಟಿಕ್, ಮೂರು ಕಡೆ ಟೇಪ್, ಕೆಳಗೆ ಉಸುಕಿನ ಚೀಲ. ಮರುದಿನದಿಂದಲೇ ಒಳಗೆ ಬೀಳುವ ಧೂಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು.

ಟೈಲ್ಸ್‌ಗಳನ್ನು ಅಂಗಳದಲ್ಲೇ ನೀರು ಬಿಟ್ಟು ಕೊಯ್ಯಿಸಿದೆ. "ನೀರು ಹಾಕಿದ್ರ ಕೆಲ್ಸ ತಡ ಆಗ್ತದ್ರಿ" ಅಂದರು ಗೌಂಡಿ. ಆಗಲಿ ಅಂದೆ. ಆ ಧೂಳು ಅವರ ಪುಪ್ಪುಸಕ್ಕೂ ಕೆಟ್ಟದ್ದು, ಮಶೀನಿಗಿಂತ ಅದು ಮುಖ್ಯ ಅಲ್ವಾ? ನೀರು, ಕರೆಂಟು ಒಟ್ಟಿಗೆ ಇರುವಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್) ಇರಲೇಬೇಕು, ಇದನ್ನು ಮರೆಯಬೇಡಿ.

ಕೊನೆಯ ಎರಡು ವಾರ ಹೀಗೆ ಇಟ್ಟೆ: ಬೆಡ್‌ಗೆ ತೆಳ್ಳಗೆ ಎಣ್ಣೆ, ಅದರ ಮೇಲೆ ಹಳೇ ಧೋತರ, ಅದರ ಮೇಲೆ ಗುಡಾರದ ಹಾಗೆ ಪ್ಲಾಸ್ಟಿಕ್. ಕೆಳಗೆ ನಾಲ್ಕು ಬೆರಳು ಗಾಳಿ ಆಡಲು ಬಿಟ್ಟೆ. ಮತ್ತೆ ತುಕ್ಕು ಬರಲಿಲ್ಲ. ಧೋತರದ ಮೇಲೆ ಬಂದ ಧೂಳೂ ತೀರಾ ಕಡಿಮೆ. ಬರೀ ಕೌದಿ ಅಥವಾ ಬರೀ ಪ್ಲಾಸ್ಟಿಕ್ಕಿಗೆ ನಾನಂತೂ ಮತ್ತೆ ಹೋಗುವುದಿಲ್ಲ.

ಕೆಲಸ ಮುಗಿದ ಮೇಲೆ ಕಂಪ್ರೆಸರ್ ಗಾಳಿ ಊದಲಿಲ್ಲ. ಊದಿದರೆ ಪುಡಿ ಬೇರಿಂಗ್‌ ಒಳಗೇ ಹೋಗುತ್ತದೆ. ಬ್ರಶ್, ವ್ಯಾಕ್ಯೂಮ್, ಆಮೇಲೆ ಸೀಮೆಎಣ್ಣೆ ಬಟ್ಟೆ. ಸ್ಯಾಡಲ್‌ನ ಫೆಲ್ಟ್ ವೈಪರ್ (ಬೆಡ್ ಒರೆಸುತ್ತ ಸಾಗುವ ಮೆತ್ತನೆ ಪಟ್ಟಿ) ಬಿಚ್ಚಿ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಬೂದು ಬಣ್ಣದ ಸಣ್ಣ ಗೆರೆ ಇತ್ತು, ಉಗುರಿನಿಂದ ಕೆರೆದರೆ ಗರಗರ ಅಂತು. ಹೊಸ ಫೆಲ್ಟ್ ಹಾಕಿದ ಮೇಲೆಯೇ ಸ್ಯಾಡಲ್ ಸರಿಸಿದೆ.